ಹೊಸ್ತಿಲಲ್ಲೇ ಕಾಲು ಕಟ್ಟಿದರೆ

ಪ್ರಶ್ನೆ: ತಂದೆಗೆ 71 ವರ್ಷ, ಚಲನೆ ನಿಧಾನವಾಗಿಸುವ ಮಿದುಳಿನ ಕಾಯಿಲೆ ಪಾರ್ಕಿನ್ಸನ್ ಇದೆ. ಚಾವಡಿಯಲ್ಲಿ ನಡೆಯುತ್ತಾರೆ, ಹೊಸ್ತಿಲ ಹತ್ತಿರ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಾರೆ. ಕೈ ಹಿಡಿದೆಳೆದರೆ ಮುಗ್ಗರಿಸುತ್ತಾರೆ. ಎರಡು ಸಲ ಬಿದ್ದ ಮೇಲೆ ರಥಬೀದಿಗೆ ಹೋಗುವುದನ್ನೂ ಬಿಟ್ಟಿದ್ದಾರೆ. ಮಾತ್ರೆ ಹೆಚ್ಚಿಸಬೇಕೇ?
– ಓದುಗರು, ಉಡುಪಿ

ಉತ್ತರ: ಮೊದಲು ಎಳೆಯುವುದನ್ನು ನಿಲ್ಲಿಸಿ. ಎಳೆದಾಗ ಮೈ ಮುಂದೆ ಬರುತ್ತದೆ, ಪಾದ ಅಲ್ಲೇ ಇರುತ್ತದೆ; ಬೀಳುವುದು ಹಾಗೆ. ಕಾಲಿಗೆ ಶಕ್ತಿಯಿಲ್ಲ ಎಂದಲ್ಲ, ಯೋಚಿಸದೆಯೇ ಹೆಜ್ಜೆ ಹಾಕಿಸುವ ಮಿದುಳಿನ ವ್ಯವಸ್ಥೆ ಕೆಟ್ಟಿದೆ. ಇಕ್ಕಟ್ಟಾದ ಬಾಗಿಲು, ತಿರುವು, ಅವಸರ ಇದ್ದಲ್ಲಿ ಅದು ಕೈಕೊಡುವುದು ಹೆಚ್ಚು. ಕಣ್ಣಿಗೆ ಗುರುತು ಅಥವಾ ಕಿವಿಗೆ ತಾಳ ಕೊಟ್ಟರೆ ಎಷ್ಟೋ ಮಂದಿಗೆ ಹೆಜ್ಜೆ ಮುಂದೆ ಬರುತ್ತದೆ.

ಕಾಲು ಕಟ್ಟಿದಾಗ ಅವರು ಪೂರ್ತಿ ನಿಲ್ಲಲಿ. ಬೆನ್ನು ನೆಟ್ಟಗೆ ಮಾಡಿ, ಭಾರವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕಿ, ‘ಒಂದು, ಎರಡು’ ಎಂದು ಎಣಿಸಿ ದೊಡ್ಡ ಹೆಜ್ಜೆ ಇಡಲಿ. ಕಾವಿ ನೆಲವಾದರೆ ಹೊಸ್ತಿಲ ಈಚೆ ಮೂರು, ಆಚೆ ಎರಡು ಬಿಳಿ ಟೇಪಿನ ಪಟ್ಟಿ ಅಡ್ಡಕ್ಕೆ ಅಂಟಿಸಿ. ನಡುವೆ ಅವರ ಒಂದು ಹೆಜ್ಜೆಯ ಅಂತರ, ಸುಮಾರು ಒಂದೂವರೆ ಅಡಿ. ಪಟ್ಟಿ ದಾಟುವುದೇ ಗುರಿ. ತಿರುಗುವಾಗ ನಿಂತಲ್ಲೇ ಹೊರಳದೆ ಅಗಲಕ್ಕೆ ಬಳಸಿ ಬರಲಿ. ಆಗ ಮಾತಾಡಿಸಬೇಡಿ.

ಮಾತ್ರೆಯನ್ನು ನೀವೇ ಹೆಚ್ಚಿಸಬೇಡಿ, ಥಟ್ಟನೆ ನಿಲ್ಲಿಸುವುದು ಇನ್ನೂ ಅಪಾಯ. ನಾಲ್ಕು ದಿನ ಎರಡು ಸಮಯ ಬರೆದಿಡಿ: ಮಾತ್ರೆ ಕೊಟ್ಟದ್ದು, ಕಾಲು ಕಟ್ಟಿದ್ದು. ಮುಂದಿನ ಮಾತ್ರೆ ಹತ್ತಿರವಾದಾಗ ಕಟ್ಟುತ್ತಿದ್ದರೆ ಔಷಧದ ಪರಿಣಾಮ ಇಳಿಯುತ್ತಿದೆ ಎಂದರ್ಥ. ನರರೋಗ ತಜ್ಞರು ಸಮಯ ಹೊಂದಿಸುತ್ತಾರೆ. ಮಾತ್ರೆ ಚೆನ್ನಾಗಿ ಹಿಡಿದಿರುವಾಗಲೂ ಕಟ್ಟಿದರೆ ಹೆಚ್ಚಿಸಿ ಪ್ರಯೋಜನವಾಗದಿರಬಹುದು. ಮಾತ್ರೆ ಲೆವೊಡೋಪಾ (ಪಾರ್ಕಿನ್ಸನ್‌ನ ಮುಖ್ಯ ಔಷಧ) ಆದರೆ ಊಟಕ್ಕೆ ಅರ್ಧ ಗಂಟೆ ಮುಂಚೆ ಅಥವಾ ಒಂದು ಗಂಟೆ ನಂತರ ಕೊಡಿ. ಮೀನು, ಮೊಟ್ಟೆ, ಬೇಳೆಯ ಪ್ರೊಟೀನು ಔಷಧ ಹೀರಿಕೆಗೆ ಅಡ್ಡಬರುತ್ತದೆ. ಮೀನು ಬಿಡಬೇಕಿಲ್ಲ, ಹೊತ್ತು ಬದಲಿಸಿದರೆ ಸಾಕು.

ಎದ್ದ ಕೂಡಲೇ ತಲೆ ತಿರುಗುತ್ತದೆಯೇ? ಐದು ನಿಮಿಷ ಮಲಗಿಸಿ ಬಿಪಿ ನೋಡಿ, ನಿಂತ ಮೂರು ನಿಮಿಷದೊಳಗೆ ಮತ್ತೆ ನೋಡಿ. ಮೇಲಿನ ಅಂಕೆ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ವೈದ್ಯರಿಗೆ ಹೇಳಿ.

ಎತ್ತಿ ಇಡುವ ನಾಲ್ಕು ಕಾಲಿನ ವಾಕರ್ ತರಾತುರಿಯಲ್ಲಿ ತರಬೇಡಿ, ಇಂಥವರಿಗೆ ಅದರಿಂದ ಹೆಜ್ಜೆ ಇನ್ನಷ್ಟು ಕಡಿದುಹೋಗುವುದುಂಟು. ಫಿಸಿಯೋಥೆರಪಿಯವರ ಎದುರು ನಡೆಸಿ ನೋಡಿದ ಮೇಲೆ ಖರೀದಿಸಿ. ಹವಾಯಿ ಚಪ್ಪಲಿ ಬದಲು ಹಿಂಬದಿ ಪಟ್ಟಿಯ ಚಪ್ಪಲಿ. ಮಳೆಗಾಲದಲ್ಲಿ ಹಾವಸೆ ಕಟ್ಟಿದ ಅಂಗಳ ಬೇಡವೇ ಬೇಡ.

ಇನ್ನು ರಥಬೀದಿ. ಬೀಳುವ ಹೆದರಿಕೆಯಿಂದ ಮನೆಯೊಳಗೇ ಕೂತರೆ ಸ್ನಾಯು ಸೋಲುತ್ತದೆ, ಮಲಬದ್ಧತೆ ಹೆಚ್ಚುತ್ತದೆ, ಮನಸ್ಸು ಕುಗ್ಗುತ್ತದೆ. ಮಾತ್ರೆ ಹಿಡಿದ ಹೊತ್ತು ನೋಡಿ, ಜನ ಕಡಿಮೆ ಇರುವಾಗ ಕರೆದೊಯ್ಯಿರಿ. ದರ್ಶನದ ನೂಕುನುಗ್ಗಲಿಗೆ ಬೇಡ. ನಡಿಗೆ ಎರಡು ಮೂರು ದಿನದಲ್ಲೇ ಏಕಾಏಕಿ ಕೆಟ್ಟರೆ ಮೂತ್ರದ ಸೋಂಕು ಇರಬಹುದು, ಬೇಗ ತೋರಿಸಿ.