ದೊಡ್ಡ ಮನೆಯೋ, ಹತ್ತಿರದ ಮನೆಯೋ?

ಆಫೀಸಿನಿಂದ ಒಂದೂವರೆ ಗಂಟೆ ದೂರದಲ್ಲಿ ಮೂರು ಕೋಣೆಯ ಮನೆ, ಇಲ್ಲಾ ಇಪ್ಪತ್ತು ನಿಮಿಷದ ದೂರದಲ್ಲಿ ಚಿಕ್ಕ ಮನೆ. ದೊಡ್ಡ ಮಗುವಿಗೆ ನಾಲ್ಕು ವರ್ಷ, ಚಿಕ್ಕದಕ್ಕೆ ಹತ್ತು ತಿಂಗಳು, ಯಾವುದು ಹಿಡಿಯೋಣ ಅಂತ ಕೇಳಿದ್ದೀರಿ. ನಾನಾಗಿದ್ದರೆ ಚಿಕ್ಕ ಮನೆಯನ್ನೇ ಹಿಡಿಯುತ್ತಿದ್ದೆ.

ಲೆಕ್ಕ ಹಾಕಿ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಪ್ರಕಾರ ಮೂರು-ನಾಲ್ಕು ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಕಡಿಮೆಯೆಂದರೂ 180 ನಿಮಿಷ ಆಟ, ಓಡಾಟ ಬೇಕು. ಬೆಳಿಗ್ಗೆ ಏಳು ಗಂಟೆಗೆ ಎಬ್ಬಿಸಬೇಕಾದ ಮಗು ರಾತ್ರಿ ಎಂಟೂವರೆಗೆಲ್ಲ ಮಲಗಿರಬೇಕು. ನೀವು ಎಂಟಕ್ಕೆ ಮನೆ ಸೇರಿದರೆ ಮಗುವಿನ ಜೊತೆ ಸಿಗುವುದು ಅರ್ಧ ಗಂಟೆ. ಅದೂ ಊಟ ಮಾಡಿಸುವುದರಲ್ಲೇ ಮುಗಿದುಹೋಗುತ್ತದೆ. ಆಮೇಲೆ ಕೋಣೆ ಎಷ್ಟಿದ್ದರೇನು?

ಆದರೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಪಾರ್ಕೋ ಬಯಲೋ ಇರಲೇಬೇಕು, ಇದರಲ್ಲಿ ಮಾತ್ರ ರಾಜಿ ಬೇಡ. ಭಾನುವಾರ ಬೇಡ, ಕೆಲಸದ ದಿನ ಸಂಜೆ ಆರರ ಹೊತ್ತಿಗೆ ಚಿಕ್ಕದನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಮನೆಯಿಂದ ಅಲ್ಲಿಯವರೆಗೆ ಹೋಗಿ ನೋಡಿ. ಗಾಡಿ ಫುಟ್‌ಪಾತ್ ಮೇಲೇ ಸಾಗುತ್ತದಾ, ಹತ್ತು ಹೆಜ್ಜೆಗೊಮ್ಮೆ ರಸ್ತೆಗೆ ಇಳಿಯಬೇಕಾ? ಅಲ್ಲಿ ಕೂತ ಅಪ್ಪ-ಅಮ್ಮಂದಿರನ್ನು ಮಾತಾಡಿಸಿ, ಮಗುವಿಗೆ ನಡುರಾತ್ರಿ ಜ್ವರ ಏರಿದರೆ ಎಲ್ಲಿಗೆ ಓಡುತ್ತೀರಿ ಅಂತ ಕೇಳಿ. ದಲ್ಲಾಳಿ ಇಂಥದ್ದನ್ನೆಲ್ಲ ಹೇಳುವುದಿಲ್ಲ.

ದೊಡ್ಡದಕ್ಕೆ ಶಾಲೆಯಲ್ಲಿ ಸೀಟು ಖಾತ್ರಿಯಾಗುವವರೆಗೆ ಮನೆಗೆ ಮುಂಗಡ ಕೊಡಬೇಡಿ. ಕೊಳ್ಳುವ ಮಾತು ಒಂದು ವರ್ಷ ಬಾಡಿಗೆಗೆ ಇದ್ದು ನೋಡಿದ ಮೇಲೆ.