ಸಪೋರ್ಟ್ ಟಿಕೆಟ್ (ಗ್ರಾಹಕರ ದೂರಿನ ದಾಖಲೆ) ತೆರೆದದ್ದು ಟೋಕಿಯೊದಲ್ಲಿ, ಮುಚ್ಚಿದ್ದು ಲಂಡನ್ನಿನಲ್ಲಿ. ನಡುವಿನ ಕೆಲಸದ ಗಂಟೆ ಎಣಿಸುವುದು ಹೇಗೆ?

ಟೋಕಿಯೊ, ಲಂಡನ್ ಎರಡನ್ನೂ ಮರೆತುಬಿಡಿ. ಎರಡು ಟೈಮ್‌ಜೋನ್‌ಗಳ ಅಂತರ ಕೂಡಿ ಕಳೆಯುವ ಲೆಕ್ಕವೇ ಬೇಡ. ಟಿಕೆಟ್ ನೋಡಿಕೊಳ್ಳುವ ಕಚೇರಿ ಎಲ್ಲಿದೆ ಎಂಬುದೊಂದೇ ಮುಖ್ಯ.

ನಾನು ಇದಕ್ಕೆ ಕೋಡ್ ಬರೆದಾಗ ಕಚೇರಿ ನ್ಯೂಯಾರ್ಕಿನದು, ಬೆಳಿಗ್ಗೆ 9ರಿಂದ ಸಂಜೆ 5. ಸೆಟ್ಟಿಂಗ್ಸ್ ಟೇಬಲ್ಲಿನಲ್ಲಿ ಒಂದು ಕಾಲಂ ಮಾಡಿ -5 ಅಂತ ತುಂಬಿದೆ. ಕೆಟ್ಟದ್ದು ಅಲ್ಲೇ. -5 ಎಂಬುದು ಆಫ್‌ಸೆಟ್, ಅಂದರೆ ಯುಟಿಸಿಗಿಂತ (ಜಗತ್ತಿನ ಮಾನಕ ಸಮಯಕ್ಕಿಂತ) ಎಷ್ಟು ಗಂಟೆ ಹಿಂದೆ ಅಥವಾ ಮುಂದೆ ಎಂಬ ಅಂಕಿ; ಟೈಮ್‌ಜೋನ್ ಅಲ್ಲ. ಯಾವ ದಿನ ಯಾವ ಆಫ್‌ಸೆಟ್ ಎಂದು ಹೇಳುವ ನಿಯಮಗಳ ಕಟ್ಟೇ ಜೋನ್. ನ್ಯೂಯಾರ್ಕ್ ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು -4ರಲ್ಲಿ ಇರುತ್ತದೆ. ಅಷ್ಟೂ ದಿನ ನನ್ನ ಕಾಲಂ ಸುಳ್ಳು ಹೇಳುತ್ತಿತ್ತು. ಸಿಕ್ಕಿಬೀಳದ್ದಕ್ಕೂ ಕಾರಣವಿದೆ. ಬೇಸಿಗೆಯಲ್ಲಿ 10ಕ್ಕೆ ತೆರೆದು 3ಕ್ಕೆ ಮುಚ್ಚಿದ ಟಿಕೆಟ್ಟನ್ನು ಕೋಡ್ 9ರಿಂದ 2 ಎಂದು ಓದುತ್ತದೆ, ಉತ್ತರ ಅದೇ 5 ಗಂಟೆ! ತಪ್ಪು ಕಾಣುವುದು ಕಚೇರಿ ತೆರೆಯುವ, ಮುಚ್ಚುವ ಅಂಚಿನಲ್ಲಿ, ಇಲ್ಲವೇ ಗಡಿಯಾರ ಬದಲಾಗುವ ದಿನವನ್ನು ಟಿಕೆಟ್ ದಾಟಿದಾಗ ಮಾತ್ರ.

ನಿಮ್ಮದೇ ಟಿಕೆಟ್ ನೋಡಿ. ತೆರೆದದ್ದು ಟೋಕಿಯೊದಲ್ಲಿ 2024ರ ಮಾರ್ಚ್ 9, ಶನಿವಾರ ಬೆಳಿಗ್ಗೆ 6 ಎಂದುಕೊಳ್ಳೋಣ. ನ್ಯೂಯಾರ್ಕಿನಲ್ಲಿ ಆಗ ಇನ್ನೂ ಶುಕ್ರವಾರ ಸಂಜೆ 4. ಮುಚ್ಚಿದ್ದು ಲಂಡನ್ನಿನಲ್ಲಿ ಸೋಮವಾರ ಮಧ್ಯಾಹ್ನ 2ಕ್ಕೆ, ಅಂದರೆ ನ್ಯೂಯಾರ್ಕಿನ ಬೆಳಿಗ್ಗೆ 10ಕ್ಕೆ (ಭಾನುವಾರವೇ ಅಲ್ಲಿ -4 ಆಗಿತ್ತು). ಶುಕ್ರವಾರ 1, ಸೋಮವಾರ 1, ಒಟ್ಟು 2 ಗಂಟೆ. -5 ಹಿಡಿದರೆ ಸೋಮವಾರ ಮುಚ್ಚಿದ್ದು ಬೆಳಿಗ್ಗೆ 9ಕ್ಕೇ ಎಂದಾಗಿ, ಉತ್ತರ 1ಕ್ಕೆ ನಿಲ್ಲುತ್ತದೆ.

ಹಾಗಾಗಿ ಕಾಲಂನಲ್ಲಿ ‘America/New_York’ ಎಂಬಂಥ, ಜಗತ್ತಿನ ಟೈಮ್‌ಜೋನ್‌ಗಳ ಪಟ್ಟಿಯಲ್ಲಿರುವ ಐಎಎನ್‌ಎ ಹೆಸರನ್ನೇ ಇಡಿ, ಟೈಮ್‌ಸ್ಟ್ಯಾಂಪ್‌ಗಳನ್ನು ಯುಟಿಸಿಯಲ್ಲಿ ಇಡಿ. ತೆರೆದ, ಮುಚ್ಚಿದ ಎರಡೂ ಹೊತ್ತನ್ನು ಕಚೇರಿಯ ಜೋನ್‌ಗೆ ತಂದು, ಸಿಗುವ ಮೊದಲ ತಾರೀಖಿನಿಂದ ಕೊನೆಯ ತಾರೀಖಿನವರೆಗೆ ಒಂದೊಂದೇ ದಿನ ಲೂಪ್ ಮಾಡಿ. ಕಚೇರಿಯ ವಾರದ ರಜೆ, ರಜಾಪಟ್ಟಿಯಲ್ಲಿರುವ ದಿನ ಬಿಟ್ಟುಬಿಡಿ. ಉಳಿದ ದಿನಕ್ಕೆ ಅಲ್ಲಿನ 9 ಮತ್ತು 5ನ್ನು ಯುಟಿಸಿಗೆ ತಿರುಗಿಸಿ. ತೆರೆದ ಹೊತ್ತು ಮತ್ತು 9, ಇವೆರಡರಲ್ಲಿ ತಡವಾದದ್ದು ಆರಂಭ. ಮುಚ್ಚಿದ ಹೊತ್ತು ಮತ್ತು 5, ಇವೆರಡರಲ್ಲಿ ಮುಂಚಿನದು ಅಂತ್ಯ. ಅಂತ್ಯದಿಂದ ಆರಂಭ ಕಳೆದು, ಸೊನ್ನೆಗಿಂತ ಹೆಚ್ಚಿದ್ದರೆ ಕೂಡಿ. ಊಟದ ಬಿಡುವಿದ್ದರೆ ದಿನಕ್ಕೆ ಎರಡು ತುಂಡು, ಅಷ್ಟೇ.

‘ವಾರಕ್ಕೆ 40 ಗಂಟೆ’ ಅಂತ ಗುಣಿಸುವ ಸೂತ್ರಗಳ ಹಿಂದೆ ಹೋಗಬೇಡಿ. ಇಡೀ ವರ್ಷಕ್ಕೂ ಲೂಪ್ 365 ಸುತ್ತು. ಅದನ್ನು ಉಳಿಸಿ ಏನು ಮಾಡುತ್ತೀರಿ? ರಾತ್ರಿ ಪಾಳಿಯಿದ್ದರೆ ಲೂಪನ್ನು ಒಂದು ದಿನ ಹಿಂದಿನಿಂದ ಶುರುಮಾಡಿ, ಇಲ್ಲವಾದರೆ ನಿನ್ನೆ 10ಕ್ಕೆ ಶುರುವಾದ ಪಾಳಿ ಲೆಕ್ಕಕ್ಕೇ ಬರುವುದಿಲ್ಲ.

ಪೈಥಾನ್ ಬಳಸುವವರು ಕಳೆಯುವ ಮುನ್ನ ಯುಟಿಸಿಗೆ ತರಲೇಬೇಕು. ಎರಡು ಡೇಟ್‌ಟೈಮ್‌ಗಳಿಗೂ ಒಂದೇ ಜೋನ್‌ಇನ್ಫೋ (ಪೈಥಾನಿನ ಟೈಮ್‌ಜೋನ್ ವಸ್ತು) ಇದ್ದರೆ ಪೈಥಾನ್ ಬರೀ ಗೋಡೆ ಗಡಿಯಾರದ ಅಂಕಿ ಕಳೆಯುತ್ತದೆ: ಮಾರ್ಚ್‌ನ ಆ ಭಾನುವಾರ ರಾತ್ರಿ 1ರಿಂದ 3ಕ್ಕೆ ನಿಜವಾಗಿ ಒಂದೇ ಗಂಟೆ, ಅದು ಎರಡು ಅನ್ನುತ್ತದೆ.