ನಾಲ್ಕನೇ ಪುಟದಿಂದ ಶುರು ಮಾಡಿ

ತಿಪಟೂರಿನ ಲೇಖಕಿಯವರಿಗೆ ನಮಸ್ಕಾರ.

ಗಿಡಗಳಿಗೆ ಆಧಾರ ಕೊಡುವ ಕೋಶಗಳ ಬಗ್ಗೆ ನೀವು ಕಳಿಸಿದ 'ಗಿಡಗಳ ಅಸ್ಥಿಪಂಜರ' ಲೇಖನ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸುವಂಥ ಲೇಖನವೂ ಅಲ್ಲ. ಅದಕ್ಕೇ ಈ ಉದ್ದದ ಉತ್ತರ.

ಮೊದಲ ಮೂರು ಪುಟ 9ನೇ ಕ್ಲಾಸಿನ ನೋಟ್ಸ್ ಥರ ಇವೆ. ಪೇರೆಂಕೈಮ, ಕೋಲೆಂಕೈಮ, ಸ್ಕ್ಲೀರೆಂಕೈಮ ಅಂತ ಗಿಡದ ಕೋಶಗಳ ಬಗೆಗಳ ಹೆಸರು ಸಾಲಾಗಿ, ಒಂದೊಂದಕ್ಕೂ ಎರಡು ಸಾಲು ವಿವರಣೆ. ಪರೀಕ್ಷೆ ಇಲ್ಲದವರು ಇದನ್ನು ಯಾಕೆ ಓದಬೇಕು? ನಾಲ್ಕನೇ ಪುಟದಲ್ಲಿ ಮಾತ್ರ ಒಂದು ಒಳ್ಳೆಯ ಮಾತಿದೆ. ಎಳನೀರು ಕೆತ್ತುವಾಗ ಮಚ್ಚು ಚಿಪ್ಪಿನೊಳಗೆ ಸಲೀಸಾಗಿ ಇಳಿಯುತ್ತದೆ, ಅದೇ ಮರದ ಬಲಿತ ಕಾಯಿಯ ಚಿಪ್ಪಿಗೆ ಬಡಿದು ಪುಟಿಯುತ್ತದೆ ಅಂದಿದ್ದೀರಿ. ನಿಮ್ಮ ಲೇಖನ ಇರುವುದೇ ಅಲ್ಲಿ. ಆದರೆ ಯಾಕೆ ಹಾಗೆ ಅಂತ ಹೇಳದೆ ಮುಂದೆ ಹೋಗಿಬಿಟ್ಟಿದ್ದೀರಿ.

ಅದನ್ನು ಬಿಡಿಸಿ ಹೇಳಿ. 6-7 ತಿಂಗಳ ಕಾಯಿಯಲ್ಲಿ ಚಿಪ್ಪಾಗಬೇಕಾದ ಕೋಶಗಳ ಗೋಡೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಕಾಯಿ ಬಲಿಯುತ್ತಾ ಹೋದಂತೆ ಕೋಶಗಳು ಒಳಮಗ್ಗುಲಿನಿಂದ ಗೋಡೆಗೆ ಪದರದ ಮೇಲೆ ಪದರ ಸೇರಿಸುತ್ತವೆ. ಗೋಡೆಯ ಸೆಲ್ಯುಲೋಸ್ ಎಳೆಗಳ ಸಂದಿಗೆಲ್ಲ ಲಿಗ್ನಿನ್ ಎಂಬ ಗಟ್ಟಿ ವಸ್ತು ತುಂಬಿಕೊಳ್ಳುತ್ತದೆ. ಕೊನೆಗೆ ಒಳಗೆ ಹೆಚ್ಚು ಜಾಗವೇ ಉಳಿಯದಷ್ಟು ಗೋಡೆ ದಪ್ಪವಾಗಿ ಕೋಶ ಸಾಯುತ್ತದೆ. 12 ತಿಂಗಳಿಗೆ ನಮ್ಮ ಕೈಗೆ ಸಿಗುವ ಕರಟ ಹೆಚ್ಚುಕಡಿಮೆ ಸತ್ತ ಕೋಶಗಳ ಗೋಡೆಯೇ. ಇಂಥ ಗಟ್ಟಿ ಗೋಡೆಯ ಕೋಶಗಳಿಗೇ ಸ್ಕ್ಲೀರೆಂಕೈಮ ಅನ್ನುವುದು. ಮಟ್ಟೆಯ ನಾರೂ ಬಹುಪಾಲು ಅದೇ. ಅಲ್ಲಿ ಕೋಶಗಳು ಉದ್ದ, ಕರಟದಲ್ಲಿ ಗಿಡ್ಡ. ನಾರಿನಿಂದ ಹಗ್ಗ ಹೊಸೆಯಬಹುದು, ಕರಟ ಏಟಿಗೆ ಚೂರಾಗುತ್ತದೆ. ಸೀಬೆಹಣ್ಣಿನ ತಿರುಳಿನಲ್ಲಿ ಹಲ್ಲಿಗೆ ಕರಕರ ಅನ್ನುವುದೂ ಈ ಗಿಡ್ಡ ಕೋಶಗಳ ಗುಂಪೇ. ಬೀಜದ ಚೂರು ಅಂದುಕೊಳ್ಳುವವರೇ ಜಾಸ್ತಿ.

ಇನ್ನು ತಪ್ಪುಗಳು. 'ಆಧಾರ ಕೊಡುವ ಕೋಶಗಳೆಲ್ಲ ಸತ್ತಿರುತ್ತವೆ' ಅಂದಿದ್ದೀರಿ. ಇಲ್ಲ, ಎಳೆ ದಂಟಿಗೆ ಆಧಾರ ಕೊಡುವ ಕೋಲೆಂಕೈಮ ಬದುಕಿರುತ್ತದೆ. ಅದರ ಗೋಡೆ ಹೆಚ್ಚಾಗಿ ಮೂಲೆಗಳಲ್ಲಿ ದಪ್ಪ. ಅಲ್ಲಿರುವುದು ಸೆಲ್ಯುಲೋಸ್ ಮತ್ತು ಪೆಕ್ಟಿನ್ ಎಂಬ ಮೆತ್ತನೆಯ ವಸ್ತು, ಸಾಮಾನ್ಯವಾಗಿ ಲಿಗ್ನಿನ್ ಇರುವುದಿಲ್ಲ. ಹಾಗಾಗಿಯೇ ಎಳೆ ದಂಟು ಬಾಗುತ್ತದೆ, ಉದ್ದಕ್ಕೆ ಬೆಳೆಯುತ್ತದೆ. 'ತೆಂಗಿನ ಮರ ವರ್ಷಕ್ಕೊಂದು ಉಂಗುರ ಕಟ್ಟಿ ದಪ್ಪವಾಗುತ್ತದೆ' ಅಂತಲೂ ಬರೆದಿದ್ದೀರಿ. ಅದು ತೇಗಕ್ಕೆ ಸರಿ. ತೆಂಗಿಗೆ ಹಾಗೆ ದಪ್ಪವಾಗುವ ಏರ್ಪಾಡೇ ಇಲ್ಲ. ಹೊರಗೆ ಕಾಣುವ ಬಳೆಗಳು ಗರಿ ಉದುರಿದ ಗುರುತು. ನಾರಿನ ಕಂತೆಗಳು ಕಾಂಡದ ಅಂಚಿನಲ್ಲಿ ಒತ್ತೊತ್ತಾಗಿರುತ್ತವೆ, ನಡುವೆ ಬಿಡಿಬಿಡಿಯಾಗಿ. ತೆಂಗಿನ ತೊಲೆ ಕೊಯ್ದವರನ್ನು ಕೇಳಿ, ಗಟ್ಟಿ ಯಾವ ಕಡೆ ಅಂತ ಹೇಳುತ್ತಾರೆ.

ತಲೆಬರಹದ ಅಸ್ಥಿಪಂಜರವೂ ನನಗೆ ಒಪ್ಪಿಗೆಯಾಗಲಿಲ್ಲ. ಮೂಳೆ ಒಳಗಿರುತ್ತದೆ, ಜೀವಂತವಾಗಿರುತ್ತದೆ, ಮುರಿದರೆ ಕೂಡಿಕೊಳ್ಳುತ್ತದೆ. ತೆಂಗಿನ ನಾರಿಗೆ ಈ ಮೂರೂ ಹೊಂದುವುದಿಲ್ಲ. ಬದಲಿಸಿ.

ಒಂದು ದೊಡ್ಡ ವಿಷಯ ಬಿಟ್ಟೇಹೋಗಿದೆ: ನೀರು. ಸಂತೆಯಿಂದ ತಂದ ಕೊತ್ತಂಬರಿ ಕಟ್ಟು ಬಾಡಿದ್ದರೂ ಬುಡ ನೀರಿನಲ್ಲಿಟ್ಟರೆ ಮತ್ತೆ ನೆಟ್ಟಗಾಗುತ್ತದೆ, ಅಲ್ವಾ? ಅದರ ಕೋಲೆಂಕೈಮ ಎಲ್ಲೂ ಹೋಗಿರಲಿಲ್ಲ. ಕೋಶದೊಳಗಿನ ನೀರಿನ ಒತ್ತಡ ಇಳಿದಿತ್ತು, ಅಷ್ಟೆ. ಎಳೆ ಗಿಡ ನಿಲ್ಲುವುದು ಬಹುಮಟ್ಟಿಗೆ ಆ ಒತ್ತಡದಿಂದ. ಇದು ಸೇರಿದರೆ ಕರಟದ ಕಥೆಗೂ ತೂಕ ಬರುತ್ತದೆ. ನೀರು ಪೂರ್ತಿ ಆರಿದ ಮೇಲೂ ಅದು ಆಕಾರ ಬಿಡುವುದಿಲ್ಲವಲ್ಲ!

ಭಾಷೆ ಚೆನ್ನಾಗಿದೆ. 'ಅದ್ಭುತ', 'ವಿಸ್ಮಯ', 'ಪ್ರಕೃತಿ ಮಾತೆ' ಇಷ್ಟನ್ನು ಹೊಡೆದುಹಾಕಿ. ಇಂಟರ್ನೆಟ್‌ನಿಂದ ತೆಗೆದ ಫೋಟೋ ಬೇಡ. ಒಂದು ಎಳನೀರು, ಒಂದು ಬಲಿತ ಕಾಯಿ, ಎರಡನ್ನೂ ಮಟ್ಟೆ ಸಮೇತ ಗರಗಸದಲ್ಲಿ ಅಡ್ಡ ಕೊಯ್ದು, ಪಕ್ಕಪಕ್ಕ ಇಟ್ಟು ನೀವೇ ತೆಗೆಯಿರಿ. ಹತ್ತಿರದ ಕಾಲೇಜಿನ ಲ್ಯಾಬಿನಲ್ಲಿ ಪರಿಚಯದವರಿದ್ದರೆ ಸೀಬೆ ತಿರುಳಿನ ಸ್ಲೈಡ್ ಮಾಡಿಸಿ. ಸ್ಯಾಫ್ರನಿನ್ ಎಂಬ ಬಣ್ಣ ಹಾಕಿದರೆ ಲಿಗ್ನಿನ್ ಇರುವ ಗೋಡೆಗಳು ಕೆಂಪಗೆ ಎದ್ದು ಕಾಣುತ್ತವೆ. ಮೊದಲ ಮೂರು ಪುಟ ತೆಗೆದು, ಮಚ್ಚಿನ ಸಾಲಿನಿಂದಲೇ ಶುರು ಮಾಡಿ ಮತ್ತೆ ಕಳಿಸಿ. ಎರಡು ಪುಟ ಮೀರದಿರಲಿ.